ಕೊಟ್ರೇಶಪ್ಪನವರು ಆರಿಸಿದ ಆವೃತ್ತಿ

ಕೊಟ್ರೇಶಪ್ಪನವರು ಓದದೆ ಏನನ್ನೂ ಬಿಚ್ಚುತ್ತಿರಲಿಲ್ಲ. ಬಿಸ್ಕತ್ತಿನ ಪೊಟ್ಟಣವಾದರೂ ಸರಿ, ಕನ್ನಡಕ ಹಣೆಗೇರಿಸಿ, ಸಣ್ಣ ಅಕ್ಷರಗಳನ್ನೆಲ್ಲ ಓದಿ ಮುಗಿಸಿದ ಮೇಲೆಯೇ ಹರಿಯುತ್ತಿದ್ದರು. ರೇಡಿಯೊ ರಿಪೇರಿ ಮಾಡಿಕೊಂಡಿದ್ದವರು, ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತು ಕೊಟ್ಟೂರಿನಲ್ಲಿ ತರಬೇತಿ ಕೇಂದ್ರ ತೆರೆದಿದ್ದರು. ನಾನಲ್ಲಿ ಪಾಠ ಹೇಳುತ್ತಿದ್ದೆ.

ಹಗರಿಬೊಮ್ಮನಹಳ್ಳಿಯ ಒಂದು ಸಣ್ಣ ಆಸ್ಪತ್ರೆಗೆ ರಕ್ತದಾನಿಗಳ ಪಟ್ಟಿ ಇಡುವ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಹೆಸರುಗಳನ್ನು ಹುಡುಕಿ ತೆಗೆಯಲು ಅದಕ್ಕೆ ಡೇಟಾಬೇಸ್ ಲೈಬ್ರರಿ ಎಂಬ ಇನ್ನೊಂದು ತಂತ್ರಾಂಶ ಬೇಕಿತ್ತು. ಆಸ್ಪತ್ರೆಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯ ಲೈಬ್ರರಿ ಅದರಲ್ಲಿ ಕೂರಲಿಲ್ಲ. ಎಲ್ಲಕ್ಕಿಂತ ಹೊಸ ಆವೃತ್ತಿಯನ್ನು ಹಾಕಿದೆ. ಪ್ರೋಗ್ರಾಂ ತೆರೆದುಕೊಂಡಿತು, ಪಟ್ಟಿ ತೆರೆದು ನೋಡದೆ ಬಂದುಬಿಟ್ಟೆ.

ಮಧ್ಯಾಹ್ನ ಡಾಕ್ಟರಮ್ಮನ ಫೋನು. "ಪಟ್ಟಿ ಬರವಲ್ದಮ್ಮ. ನಾಳೆ ಬಸುರಿಯೊಬ್ಬಾಕಿಗೆ ಆಪರೇಷನ್ ಐತಿ, ಓ ನೆಗೆಟಿವ್ ರಕ್ತ ಬೇಕು."

ಫೋನಿಟ್ಟು, ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಕೊಟ್ರೇಶಪ್ಪನವರು ಬೈಯಲಿಲ್ಲ. ಸಿ.ಡಿ.ಗಳ ಚೀಲ ಹಿಡಿದು ನನ್ನೊಡನೆ ಬಸ್ಸು ಹತ್ತಿದರು. ಆಸ್ಪತ್ರೆ ತಲುಪಿದೊಡನೆ ಪಟ್ಟಿಯನ್ನು ಫ್ಲಾಪಿಗೆ ನಕಲು ಮಾಡಿಸಿದರು.

"ಏನ್ ಮಾಡಿದ್ರೂ ನಕಲಿನ ಮ್ಯಾಲ ಮಾಡು ತಂಗಿ. ಅಸಲು ಮುಟ್ಟಬ್ಯಾಡ."

"ಹೊಸಾದು ಛಲೋ ಇರತೈತಿ ಅಂತ ಹಾಕಿದ್ನಿರಿ ಸರ್."

"ಛಲೋ ಇರಬಹುದು. ನಮ್ಮ ಪಟ್ಟಿಗೆ ಒಗ್ಗತೈತೇನು, ಅದನ್ನ ಮೊದ್ಲು ನೋಡ್ಬೇಕು."

ಸಿ.ಡಿ.ಗಳಲ್ಲಿ ಲೈಬ್ರರಿಯ ಬೇರೆ ಬೇರೆ ಆವೃತ್ತಿಗಳ ಜೊತೆಗಿದ್ದ ಟಿಪ್ಪಣಿಗಳನ್ನು ಸಾಲು ಸಾಲಾಗಿ ಓದಿದರು. ನಾನು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೆ. ಅವರಿಗೆ ಅವಸರವೇ ಇರಲಿಲ್ಲ. ಕೊನೆಗೆ ಒಂದು ಸಾಲಿನ ಮೇಲೆ ಬೆರಳಿಟ್ಟರು. ತೀರಾ ಹೊಸದಲ್ಲದ, ನಡುವಿನದೊಂದು ಆವೃತ್ತಿ ಹೊಸ ಯಂತ್ರದಲ್ಲೂ ನಡೆಯುತ್ತಿತ್ತು, ನಮ್ಮ ಹಳೆಯ ಪಟ್ಟಿಯನ್ನೂ ಓದುತ್ತಿತ್ತು. ಅದನ್ನು ಹಾಕಿದೆ. ಪರದೆಯ ತುಂಬ ಹೆಸರುಗಳು ಬಂದವು.

"ಬಂದ್ವು ಅಂತ ಏಳಬ್ಯಾಡ. ಓ ನೆಗೆಟಿವ್ ಹುಡುಕು."

ಇಬ್ಬರು ಸಿಕ್ಕರು. ಅವರಲ್ಲಿ ಒಬ್ಬರು ಕಾನಹೊಸಹಳ್ಳಿಯ ಟೈರ್ ಅಂಗಡಿಯವರು. ಫೋನು ಮಾಡಿದೊಡನೆ ಅಂಗಡಿ ಮುಚ್ಚಿ ಬಂದು ರಕ್ತ ಕೊಟ್ಟರು. ಮರುದಿನ ತಾಯಿ, ಕೂಸು ಇಬ್ಬರೂ ಉಳಿದರು. ಸುದ್ದಿ ಕೇಳಿ ನಾನು ಅತ್ತುಬಿಟ್ಟೆ. ಕೊಟ್ರೇಶಪ್ಪನವರು ಮುಖ ತಿರುಗಿಸಿ ಕನ್ನಡಕ ಒರೆಸಿಕೊಂಡರು.

ಕೆಲವು ವರ್ಷಗಳ ನಂತರ ಹರಪನಹಳ್ಳಿಯಲ್ಲಿ ನನ್ನದೇ ಕೇಂದ್ರ ತೆರೆದಾಗ ಅವರು ಬಂದಿದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು: "ನೀ ತಪ್ಪು ಮಾಡಿದ ಕಥಿ ಮೊದ್ಲನೇ ದಿನಾನ ಹೇಳಿಬಿಡು. ಕಲಿಯಾಕ ಬಂದೋರು ಹೆದರೋದು ಬಿಡ್ತಾರ."

ಅದೇ ಕಡೆಯ ಭೇಟಿ. ಮುಂದಿನ ಬೇಸಿಗೆಗೆ ಅವರಿರಲಿಲ್ಲ.

ಪ್ರತಿ ಹೊಸ ತಂಡಕ್ಕೂ ನಾನು ಆ ಮಧ್ಯಾಹ್ನದ ಕಥೆಯನ್ನೇ ಮೊದಲು ಹೇಳುತ್ತೇನೆ. ಕೇಳಿ ನಗುತ್ತಾರೆ. ಆಮೇಲೆ ಧೈರ್ಯವಾಗಿ ಕೀಲಿಮಣೆಗೆ ಕೈ ಹಾಕುತ್ತಾರೆ.