ಎಲೆಗೆ ಸುಣ್ಣ ಹಚ್ಚಿ ಮುಗಿಯುವವರೆಗೆ

ಇದನ್ನು ಹೇಳಿಬಿಡಬೇಕೆಂದು ಹಲವು ಸಲ ಕುಳಿತಿದ್ದೇನೆ. ಪ್ರತಿ ಸಲವೂ ಬೇರೆ ಕೆಲಸ ನೆನಪಾಗಿ ಎದ್ದುಬಿಟ್ಟಿದ್ದೇನೆ. ಮೊನ್ನೆ ಅವಲಪಲ್ಲಿಯ ನಮ್ಮ ಬೀದಿಯಲ್ಲಿ ಪಕ್ಕದ ಮನೆಯವರ ಕಾರು ನೀಲಿ ಹೊಗೆ ಬಿಡುತ್ತಾ ನಿಂತಿತು. ಸುಟ್ಟ ಆಯಿಲಿನ ವಾಸನೆ ನಮ್ಮ ಅಡುಗೆಮನೆಯವರೆಗೂ ಬಂತು. ಟರ್ಬೊ ಹೋಗಿದೆಯಂತೆ ಎಂದರು. ಆ ವಾಸನೆ ನನಗೆ ಹಳೆಯದು...

ಎಂಬತ್ತರ ದಶಕದಲ್ಲಿ ನಾನು ಹೊಸೂರಿನ ಒಂದು ಶೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು ಪಕ್ಕದ ಮತ್ತಿಗಿರಿಯಲ್ಲಿದ್ದರು. ಅವರು ಒಂದು ಹಳೆಯ ಸಣ್ಣ ಕಾರು ಕೊಂಡಿದ್ದರು. ಸಮನಾದ ರಸ್ತೆಯಲ್ಲಿ ಅದು ಚೆನ್ನಾಗಿಯೇ ಓಡುತ್ತಿತ್ತು. ಆದರೆ ಅವರ ಹೆಂಡತಿ ಅಮ್ಮಾವ್ರ ತವರು ಕೃಷ್ಣಗಿರಿಯಲ್ಲಿ. ಅಲ್ಲಿಂದ ಅಕ್ಕಿ, ತೆಂಗಿನಕಾಯಿ ತುಂಬಿಕೊಂಡು ಹಿಂದಿರುಗುವಾಗ ಶೂಳಗಿರಿಗೆ ಮುಂಚಿನ ಏರಿನಲ್ಲಿ ಕಾರು ದಮ್ಮು ಕಟ್ಟಿ ನಿಲ್ಲುತ್ತಿತ್ತು. ಆಗ ಭಾರ ತಗ್ಗಿಸಲು ಅಮ್ಮಾವ್ರು ಇಳಿಯಬೇಕಾಗುತ್ತಿತ್ತು. ಮಂಡಿನೋವಿನ ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಲೆಅಡಿಕೆಯ ಚೀಲ ಹಿಡಿದು, ಕಾರಿನ ಹಿಂದೆ ಏರು ಹತ್ತುತ್ತಿದ್ದರು.

ಹಾದುಹೋಗುವ ಬಸ್ಸಿನ ಕಂಡಕ್ಟರ್ ಒಬ್ಬ ಒಮ್ಮೆ ತಲೆ ಹೊರಗೆ ಹಾಕಿ, "ಏನಮ್ಮೋ, ಕಾರ್ ಮೇಯಿಸ್ಕೊಂಡು ಬತ್ತಿದ್ದೀಯಾ?" ಎಂದು ಕೂಗಿದ್ದ.

"ಹೂಂ ಕಣಪ್ಪ, ಹಾಲ್ ಮಾತ್ರ ಕೊಡಾಕಿಲ್ಲ," ಎಂದಿದ್ದರು ಅಮ್ಮಾವ್ರು. ಬಸ್ಸೆಲ್ಲ ನಕ್ಕಿತ್ತು. ಮೇಷ್ಟ್ರು ಮಾತ್ರ ನಗಲಿಲ್ಲ.

ಅದಾದ ಮೇಲೆ ಅವರು ಗುಜರಿ ಅಂಗಡಿಯಿಂದ ಒಂದು ಟರ್ಬೊ ಹೊತ್ತು ನಮ್ಮ ಶೆಡ್ಡಿಗೆ ಬಂದರು. ಯಾವುದೋ ವಿದೇಶಿ ಜನರೇಟರಿನದು, ಬಸವನಹುಳುವಿನ ಚಿಪ್ಪಿನಂತಿತ್ತು. "ಎಂಜಿನ್ ಉಗುಳೋ ಹೊಗೇಲಿ ಈ ಕಡೆ ಚಕ್ರ ತಿರುಗ್ತದೆ. ಅದ್ರ ಜೊತೆ ಆ ಕಡೆ ಚಕ್ರ ತಿರುಗಿ ಗಾಳೀನ ಒತ್ತಿ ಒಳಕ್ಕೆ ತುಂಬ್ತದೆ. ಕುಲುಮೆಗೆ ತಿದಿ ಒತ್ತಿದಂಗೆ ಕಣ್ಲಾ. ಇನ್ಮೇಲೆ ಅವಳು ಏರಲ್ಲಿ ಇಳೀಬಾರ್ದು," ಎಂದರು.

ಹೊಸದಾಗಿ ಏನನ್ನೂ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಹಳೆಯ ಪಂಪುಸೆಟ್ಟಿನ ಪೈಪು ಬಗ್ಗಿಸಿ ಬೆಸೆದೆವು. ಒತ್ತಡಕ್ಕೆ ಪಿಸ್ಟನ್ ಕರಗದಿರಲೆಂದು ಎಂಜಿನ್ನಿನ ಮುಚ್ಚಳವಾದ ಹೆಡ್ಡಿನ ಕೆಳಗೆ ದಪ್ಪ ತಾಮ್ರದ ತಗಡು ಕತ್ತರಿಸಿ ಇಟ್ಟೆವು. ಟರ್ಬೊಗೆ ಆಯಿಲ್ ಹೋಗಲು ಒಂದು ಸಣ್ಣ ಪೈಪು, ಇಳಿದು ಬರಲು ಇನ್ನೊಂದು. ಆ ಇಳಿಯುವ ಪೈಪನ್ನು ಮೇಷ್ಟ್ರು ಎಷ್ಟು ಸಲ ಬಿಚ್ಚಿಸಿ ಹಾಕಿಸಿದರೋ... ಭಾನುವಾರಗಳೆಲ್ಲ ಅದಕ್ಕೇ ಹೋದವು.

ಒಂದು ವಿಷಯದಲ್ಲಿ ಅವರು ಕಟ್ಟುನಿಟ್ಟು. ಏರು ಹತ್ತಿದ ಕೂಡಲೇ ಎಂಜಿನ್ ಆಫ್ ಮಾಡಬಾರದು. ಟರ್ಬೊ ಕೆಂಪಗೆ ಕಾದಿರುತ್ತದೆ. ಎಂಜಿನ್ ನಿಂತರೆ ಆಯಿಲೂ ನಿಲ್ಲುತ್ತದೆ, ಒಳಗಿನ ಬೇರಿಂಗು ಸುಡುತ್ತದೆ. "ಗಡಿಯಾರ ನೋಡೋದೇನೂ ಬೇಡ. ನಿಮ್ಮ ಅಮ್ಮಾವ್ರು ಎಲೆಗೆ ಸುಣ್ಣ ಹಚ್ಚಿ, ಮಡಿಚಿ, ಬಾಯಿಗೆ ಹಾಕ್ಕೊಳ್ಳೋವರ್ಗೂ ಎಂಜಿನ್ ಓಡ್ತಾ ಇರ್ಲಿ," ಎಂದಿದ್ದರು.

ಮೊದಲ ಸಲ ಮೂವರೂ ಹೋದೆವು. ಬರುವಾಗ ಕಾರು ಸೀಟಿ ಹೊಡೆಯುತ್ತಾ, ಕೆಮ್ಮುತ್ತಾ, ಆದರೂ ನಿಲ್ಲದೆ ಏರು ಹತ್ತಿತು. ಅಮ್ಮಾವ್ರು ಕಾಲು ನೀಡಿ ಕುಳಿತೇ ಇದ್ದರು. ತುದಿಯಲ್ಲಿ ಎಲೆ ಮಡಿಚಿ ಮೊದಲು ಮೇಷ್ಟ್ರ ಬಾಯಿಗೆ ಇಟ್ಟರು. ಅವರು ನನ್ನೆದುರು ನಾಚಿಕೊಂಡರು.

ಎರಡನೆಯ ಸಲ ಮೇಷ್ಟ್ರಿಗೆ ಶಾಲೆಯಿತ್ತು. ಅಮ್ಮಾವ್ರನ್ನು ಕರೆತರಲು ನಾನೊಬ್ಬನೇ ಹೋದೆ. ನಮ್ಮ ಕಡೆಯ ಡ್ರೈವರುಗಳಿಗೆಲ್ಲ ಆಗ ಒಂದು ಚಟವಿತ್ತು: ಇಳಿಜಾರು ಸಿಕ್ಕಿದರೆ ಕೀಲಿ ತಿರುಗಿಸಿ, ಗೇರು ಬಿಟ್ಟು, ಪೆಟ್ರೋಲ್ ಉಳಿಸುತ್ತಾ ಜಾರಿಕೊಂಡು ಹೋಗುವುದು. ಹಾಗೆ ಮಾಡದವನನ್ನು ಡ್ರೈವರೆಂದೇ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಏರು ಮುಗಿದು ಇಳಿಜಾರು ಕಾಣುತ್ತಲೇ ನನ್ನ ಕೈ ಕೀಲಿಗೆ ಹೋಯಿತು.

ಅಮ್ಮಾವ್ರು ಎಲೆಗೆ ಅರ್ಧ ಸುಣ್ಣ ಹಚ್ಚಿದ್ದರು. "ಯಾಕಪ್ಪ ಆಫ್ ಮಾಡ್ದೆ? ಅವ್ರು ಬ್ಯಾಡ ಅಂದಿದ್ರಲ್ಲ?"

"ಏನೂ ಆಗಾಕಿಲ್ಲ ಬುಡಿ ಅಮ್ಮಾವ್ರೆ. ಮೇಷ್ಟ್ರು ಪುಸ್ತಕದ್ದು ಹೇಳ್ತಾರೆ."

ಇಳಿಜಾರಿನ ಕೊನೆಯಲ್ಲಿ ಕೀಲಿ ತಿರುಗಿಸಿ ಗೇರಿಗೆ ಹಾಕಿದಾಗ ಎಂಜಿನ್ ಮತ್ತೆ ಶುರುವಾಯಿತು. ಕರ್ರೆಂದು ಒಂದು ಸದ್ದಾಯಿತು, ಆಮೇಲೆ ನೀಲಿ ಹೊಗೆ, ಆ ವಾಸನೆ. ಮನೆ ಮುಟ್ಟುವಷ್ಟರಲ್ಲಿ ಟರ್ಬೊ ತಿರುಗದಂತೆ ಕಚ್ಚಿಕೊಂಡುಹೋಗಿತ್ತು.

ಮೇಷ್ಟ್ರು ಸಂಜೆ ಬಂದು ಬಿಚ್ಚಿ ನೋಡಿದರು. ಬಹಳ ಹೊತ್ತು ನೋಡಿ, "ಆಯಿಲ್ ಇಳಿಯೋ ಪೈಪು ಕಿರಿದಾಯ್ತು. ನಿನ್ನ ಕೆಲಸದಲ್ಲಿ ಏನೂ ತಪ್ಪಿಲ್ಲ ಕಣ್ಲಾ, ನನ್ನ ಲೆಕ್ಕವೇ ತಪ್ಪಿತು," ಎಂದರು. ಅಮ್ಮಾವ್ರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಹೇಳಲೆಂದು ಕಾಯುತ್ತಿದ್ದರು. ನಾನು ಸ್ಪ್ಯಾನರ್ ಒರೆಸುತ್ತಾ ನಿಂತೆ. ಕೊನೆಗೆ ಅವರು, "ಒಳಗ್ ಬನ್ನಿ, ಕಾಫಿ ಆರೋಯ್ತದೆ," ಎಂದಷ್ಟೇ ಅಂದರು. ನನ್ನನ್ನು ಹಿಡಿದುಕೊಡಲಿಲ್ಲ.

ಶಾಲೆಯಲ್ಲಿ ಜೊತೆಯ ಮೇಷ್ಟ್ರುಗಳು "ಬಸವನಹುಳು ಕಟ್ಟಿ ಕುದುರೆ ಮಾಡೋಕೆ ಹೋದ್ರಂತಲ್ಲ!" ಎಂದು ಆಡಿಕೊಂಡರಂತೆ. ಟರ್ಬೊ ಕಳಚಿಟ್ಟ ಮೇಷ್ಟ್ರು ಮತ್ತೆ ಆ ಕೆಲಸಕ್ಕೆ ಕೈ ಹಾಕಲಿಲ್ಲ. ಕೆಲವು ತಿಂಗಳಾದ ಮೇಲೆ ಕೃಷ್ಣಗಿರಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಏರಿನಲ್ಲಿ ಆ ಕಾರು ಉಬ್ಬಸಪಡುತ್ತಾ ಹತ್ತುತ್ತಿತ್ತು. ಹಿಂದೆ ಅಮ್ಮಾವ್ರು, ಒಂದು ಕೈ ಮಂಡಿಯ ಮೇಲೆ. ನಾನು ಕಿಟಕಿಯಲ್ಲಿ ಕಾಣದಂತೆ ತಲೆ ತಗ್ಗಿಸಿಕೊಂಡೆ.

ಮೇಷ್ಟ್ರು ನಿವೃತ್ತರಾದ ವರ್ಷ ಅವರ ಮನೆ ಅಂಗಳದಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ, ತಪ್ಪಾಯಿತು ಎಂದೆ. ಅವರು ನಕ್ಕರು. "ಹಂಗಾದ್ರೆ ನನ್ನ ಪೈಪು ಸರಿಯಾಗೇ ಇತ್ತು ಅನ್ನು!" ಎಂದರು. ಆಮೇಲೆ, "ನಂಗ್ ಹೇಳಿ ಏನಾಗ್ಬೇಕು? ಒಳಗಿದ್ದಾಳೆ, ಹೋಗಿ ಅವಳಿಗೆ ಹೇಳು. ನಡೆದೋಳು ಅವಳು," ಎಂದರು.

ಒಳಗೆ ಹೋದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು, ನಿಧಾನವಾಗಿ. ಮಂಡಿನೋವು ಹೇಗಿದೆ ಎಂದು ಕೇಳಿದೆ. ಹಂಗೇ ಐತಪ್ಪ ಎಂದರು. ಅವರು ಎಲೆ ಮಡಿಚುವ ಮೊದಲೇ ನಾನು ಎದ್ದುಬಿಟ್ಟೆ...

ಈಗ ಇಬ್ಬರೂ ಇಲ್ಲ. ಆ ರಸ್ತೆ ಅಗಲವಾಗಿದೆ, ಏರನ್ನು ಕಡಿದು ತಗ್ಗಿಸಿದ್ದಾರೆ; ಯಾವ ಕಾರೂ ಅಲ್ಲಿ ನಿಲ್ಲುವುದಿಲ್ಲ, ಯಾರೂ ಇಳಿದು ನಡೆಯುವುದಿಲ್ಲ. ಪಕ್ಕದ ಮನೆಯವರ ಕಾರನ್ನು ಶೆಡ್ಡಿನವರು ಎಳೆದುಕೊಂಡು ಹೋದರು. ವಾಸನೆ ಸಂಜೆಯವರೆಗೂ ಇತ್ತು. ನಾನು ತಪ್ಪಾಯಿತೆಂದು ಮೇಷ್ಟ್ರಿಗೆ ಹೇಳಿದ್ದೇನೆ. ಹೇಳದೆ ಉಳಿದದ್ದು ಅಮ್ಮಾವ್ರಿಗೆ.