ಮೊಮ್ಮಗಳ ಆಟದ ನಡುವೆ ನಾನು ಬಾಯಿ ಬಿಟ್ಟದ್ದು

ನನಗೆ ಒಂದು ಕಡೆ ಸುಮ್ಮನೆ ಕೂರಲು ಬರುವುದಿಲ್ಲ. ಬೆಳಗಾವಿಯ ರವಿವಾರ ಪೇಟೆಯ ಮೆಣಸಿನಕಾಯಿ ಅಂಗಡಿಯಲ್ಲಿ ತೊಟ್ಟು ಮುರಿಯುತ್ತಲೇ ಮುದುಕಿಯಾದವಳು ನಾನು. ಕೆಲಸವಿಲ್ಲದಿದ್ದರೆ ಈ ಕೈಗಳು ಸೆರಗಿನ ದಾರವನ್ನಾದರೂ ಕೀಳುತ್ತವೆ. ಇವುಗಳಿಂದಲೇ ಮೊಮ್ಮಗಳಿಗೆ ಕೆಟ್ಟ ಹೆಸರು ಬಂತು.

ಅವಳು ನನ್ನ ಮಗಳ ಮಗಳು. ಶಿವಬಸವ ನಗರದ ಮನೆಯಲ್ಲಿ ನನ್ನ ಜೊತೆಗೇ ಬೆಳೆದವಳು, ನನ್ನನ್ನು ಆಯಿ ಅನ್ನುತ್ತಾಳೆ. ಕಾಲೇಜು ಮುಗಿಸಿ ಮನಸ್ಸು ಓದುವ ಆಟ ಮಾಡಿ ತೋರಿಸುತ್ತಾಳೆ. ಅವಳು ಹೊರಗೆ ಹೋದಾಗ ಸಭೆಯಲ್ಲಿ ಯಾರಾದರೊಬ್ಬರು ಒಂದು ವಸ್ತು ಬಚ್ಚಿಡಬೇಕು. ಆಮೇಲೆ ಒಳಗೆ ಬಂದು, ಬಚ್ಚಿಟ್ಟವರ ಮಣಿಕಟ್ಟು ಹಿಡಿದು ಅಡ್ಡಾಡಿ, ಅದನ್ನು ಹುಡುಕಿ ತೆಗೆಯುತ್ತಾಳೆ. ನೋಡಿದವರು ಮೈಮೇಲೆ ದೇವಿ ಬಂದಳೋ ಏನೋ ಅನ್ನುತ್ತಾರೆ. ದೇವಿಯೂ ಇಲ್ಲ, ದೆವ್ವವೂ ಇಲ್ಲ. ವಸ್ತುವಿನಿಂದ ದೂರ ಹೊರಟರೆ ಬಚ್ಚಿಟ್ಟವರ ಕೈ ಕೂದಲೆಳೆಯಷ್ಟು ಬಿಗಿಯುತ್ತದೆ. ಹತ್ತಿರ ಬಂದರೆ ಸಡಿಲಾಗುತ್ತದೆ. ಉಸಿರು ನಿಂತು ಹೊರಡುತ್ತದೆ. ಕಣ್ಣು ಬೇಕಂತಲೇ ಬೇರೆ ಕಡೆ ನೋಡುತ್ತದೆ. ಇಷ್ಟೇ.

ಇದನ್ನೆಲ್ಲ ಅವಳು ಕಲಿತದ್ದು ನನ್ನ ಕೈ ಹಿಡಿದು. ಅಡುಗೆಮನೆಯಲ್ಲಿ ಒಂದು ಅಡಿಕೆ ಬಚ್ಚಿಡುತ್ತಿದ್ದೆ, ಅವಳು ನನ್ನನ್ನು ಮನೆಯೆಲ್ಲ ತಿರುಗಿಸುತ್ತಿದ್ದಳು. ನಾನೂ ಒಂದು ಕಲಿಸಿದೆ. ಅಂಗಡಿಗೆ ಬಂದ ಗಿರಾಕಿಯ ಬಾಯಿ 'ಬ್ಯಾಡ' ಅಂದರೂ ಪಾದ ಮೆಣಸಿನಕಾಯಿ ಚೀಲದ ಕಡೆಗೇ ಇದ್ದರೆ ಅವನು ತೆಗೆದುಕೊಳ್ಳುವವನೇ. ಮೋರೆಗೆ ಸುಳ್ಳು ಕಲಿಸಬಹುದು, ಪಾದಕ್ಕೆ ಯಾರೂ ಕಲಿಸುವುದಿಲ್ಲ.

ಬೆಳಗಾವಿಯ ಒಂದು ಮಹಿಳಾ ಮಂಡಳದಲ್ಲಿ ಆಟ ನಡೆದಾಗ ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಬಚ್ಚಿಟ್ಟ ವಸ್ತು ಬಲಗಡೆ ಕಿಟಕಿಯಲ್ಲಿತ್ತು. ನಾನು ಬಲಗಿವಿ ಕೆರೆದುಕೊಂಡೆ. ಹಿಂದಿನಿಂದ ಒಬ್ಬಳು ಎದ್ದು ನಿಂತು ಕೂಗಿದಳು: "ಮುದುಕಿ ಸನ್ನಿ ಮಾಡಾಕತ್ಯಾಳ ನೋಡ್ರಿ! ಅಜ್ಜಿ-ಮೊಮ್ಮಗಳು ಕೂಡೇ ಮಾಡೂ ಆಟ ಇದು!"

ಸನ್ನೆ ನಾನು ಮಾಡಿರಲಿಲ್ಲ. ಆದರೆ ನನ್ನ ಕಣ್ಣು ಆ ಕಿಟಕಿಗೆ ಹೋಗಿರಲೇ ಇಲ್ಲ ಅಂತ ಆಣೆ ಮಾಡಲೂ ಆಗಲಿಲ್ಲ. ಆ ಮಾತು ಊರೆಲ್ಲ ಸುತ್ತಿತು. ಕರೆದಿದ್ದ ಎರಡು ಕಡೆಯವರು ಬೇಡ ಅಂದರು. ಉಳಿದದ್ದು ಖಾನಾಪುರದ್ದು ಒಂದೇ, ಸಂಕ್ರಾಂತಿಯ ಅರಿಶಿನ-ಕುಂಕುಮದ ಕಾರ್ಯಕ್ರಮ.

"ಅಲ್ಲೂ ಹಿಂಗ ಆತಂದ್ರ ನನ್ನ ಯಾರೂ ನಂಬೂದಿಲ್ಲ, ಆಯಿ. ನೀ ಮನ್ಯಾಗ ಇರು ಅಂದ್ರ ಇರತಿಯೇನು?"

"ಇರೂದಿಲ್ಲ."

"ಹಂಗಾರ ಕಲ್ಲಿನಂಗ ಕುಂದರು. ಕೆಮ್ಮಬ್ಯಾಡ, ಕೆರಕೋಬ್ಯಾಡ."

ಖಾನಾಪುರದ ಸಭಾಗೃಹದಲ್ಲಿ ಮುತ್ತೈದೆಯರು ಜರಿಸೀರೆಯುಟ್ಟು ಮುಂದೆ ಸಾಲಾಗಿ ಕೂತಿದ್ದರು. ನಮ್ಮಂಥ ಗಂಡ ಸತ್ತವರಿಗೆ ಹಿಂದೆ ಗೋಡೆಯ ಪಕ್ಕ ನಾಲ್ಕು ಕುರ್ಚಿ. ಅಲ್ಲಿ ಕೂರಿ ಅಂತ ಯಾರೂ ಹೇಳಬೇಕಿಲ್ಲ, ಕಾಲು ತಾನಾಗಿ ಹೋಗುತ್ತದೆ. ಆದರೂ ಕಾರ್ಯಕ್ರಮದ ಯಜಮಾನಿ ಹೇಳಿದಳು.

"ಅಜ್ಜಿ, ಗ್ವಾಡಿ ಬಾಜು ಕುಂದರ್ರಿ. ಗಾಳಿ ಬರ್ತೈತಿ."

"ಎಲ್ಲಿಂದ ಬರ್ತೈತಿ? ಅಲ್ಲೆ ಕಿಟಕಿನ ಇಲ್ಲಲ್ರಿ," ಅಂದೆ. ಅಂದು ಹೋಗಿ ಅಲ್ಲೇ ಕೂತೆ.

ಮೊಮ್ಮಗಳನ್ನು ಹೊರಗೆ ಕಳಿಸಿದರು. ಯಜಮಾನಿ ಬೆಳ್ಳಿಯ ಕುಂಕುಮದ ಭರಣಿಯನ್ನು ತನ್ನ ಹೊಸ ಸೊಸೆಯ ಕೈಗಿಟ್ಟು ಕಿವಿಯಲ್ಲಿ ಏನೋ ಉಸುರಿದಳು. ಆ ಹುಡುಗಿ ನೆಟ್ಟಗೆ ನನ್ನ ಹತ್ತಿರ ಬಂದು, ಕಾಲ ಬಳಿಯಿದ್ದ ನನ್ನ ಚೀಲದೊಳಗೆ ಅದನ್ನು ಇಳಿಸಿದಳು. ನನ್ನ ಮೋರೆ ನೋಡದೆಯೇ "ತಪ್ಪ ತಿಳಕೋಬ್ಯಾಡ್ರಿ ಅಜ್ಜಿ, ಅತ್ತಿ ಹೇಳ್ಯಾರ" ಅಂದಳು.

ಯಜಮಾನಿಯ ಲೆಕ್ಕ ನನಗೆ ತಿಳಿಯಿತು. ವಿಧವೆಯ ಚೀಲದಲ್ಲಿ ಕುಂಕುಮ ಹುಡುಕುವವರು ಯಾರೂ ಇಲ್ಲ. ಮುದುಕಿ ಸನ್ನೆ ಮಾಡುವವಳಾದರೆ ಅದೂ ಇಲ್ಲೇ ಹೊರಬೀಳುತ್ತದೆ.

ಮೊಮ್ಮಗಳು ಬಂದು ಆ ಸೊಸೆಯ ಮಣಿಕಟ್ಟು ಹಿಡಿದಳು. ನಾನು ಎರಡೂ ಅಂಗೈಗಳ ಮೇಲೆ ಕೂತು ಫ್ಯಾನು ನೋಡಿದೆ. ಮೂಗು ತುರಿಸಿತು. ಬೆನ್ನು ತುರಿಸಿತು. ಅವರು ಹತ್ತಿರ ಬಂದಾಗ ಫ್ಯಾನು ಬಿಟ್ಟು ಓರೆಗಣ್ಣಲ್ಲಿ ನೋಡದೆ ಇರಲಾಗಲಿಲ್ಲ. ಸೊಸೆಯ ಮೊಳಕೈ ಕಟ್ಟಿಗೆಯಂತೆ ಸೆಟೆದುಕೊಂಡಿತ್ತು. ಸಡಿಲಾಗಬೇಕಾದ ಕಡೆ ಬಿಗಿಯುತ್ತಿತ್ತು. ಮಾಡಬಾರದ್ದು ಮಾಡಿದ ಹೆದರಿಕೆ ಅದು. ನನ್ನ ಹುಡುಗಿ ಅದನ್ನು ತಪ್ಪಾಗಿ ಓದಿದಳು. ವಸ್ತು ಇಲ್ಲಿಲ್ಲ ಅಂದುಕೊಂಡು ಎಳ್ಳು-ಬೆಲ್ಲದ ಮೇಜಿನ ಕಡೆ ಹೊರಟಳು. ಮತ್ತೆ ಬಂದಳು, ಮತ್ತೆ ಹೋದಳು. 'ಇಲ್ಲೇ ಐತಿ, ಹುಚ್ಚಿ' ಅಂತ ನನ್ನ ಹೊಟ್ಟೆಯೊಳಗೆ ಕೂಗು.

ಮೂರನೆಯ ಸಲ ನಿಂತುಬಿಟ್ಟಳು. ಇಷ್ಟು ದೊಡ್ಡ ಸಭೆಯಲ್ಲಿ ಈ ಕೈ ಇದೊಂದು ಕಡೆ ಮಾತ್ರ ಯಾಕೆ ಹೀಗೆ ಸೆಟೆಯುತ್ತದೆ ಅಂತ ಅವಳಿಗೆ ಹೊಳೆಯಿತು. ಹೊಳೆದದ್ದು ನನಗೆ ಕಂಡಿತು. ಮೋರೆ ಮೇಜಿನ ಕಡೆ ಇತ್ತು, ಪಾದ ಎರಡೂ ನನ್ನ ಚೀಲದ ಕಡೆ.

ಆಮೇಲೆ ಅವಳು ಸೊಸೆಯ ಕೈ ಬಿಟ್ಟು ಹೇಳಿದಳು: "ಸಿಗಲಿಲ್ರಿ. ಸೋತೆ."

ಹೆಂಗಸರು ಹೋ ಅಂತ ನಕ್ಕರು. ನನಗೆ ಮೈ ಉರಿಯಿತು. ಎಲ್ಲರ ಎದುರು ನನ್ನ ಚೀಲದಿಂದ ಕುಂಕುಮ ತೆಗೆದು ನನ್ನ ಮಾನ ಕಳೆಯಬಾರದು ಅಂತ ಅವಳು ತನ್ನ ಆಟವನ್ನೇ ಕೆಡಿಸಿಕೊಂಡಿದ್ದಳು. ಯಾರು ಕೇಳಿದ್ದರು?

"ಯಾಕ ಸುಳ್ಳ ಹೇಳ್ತಿ?" ಅಂದೆ, ಕೂತಲ್ಲಿಂದಲೇ. "ನನ್ನ ಚೀಲದಾಗ ಐತಂತ ನಿನಗ ಗೊತ್ತಾಗೈತಿ. ತಗಿ. ಕುಂಕುಮ ಏನು ಚೇಳಲ್ಲ, ಕಡಿಯೂದಿಲ್ಲ."

ಅವಳು ಮುಟ್ಟಲಿಲ್ಲ. ನಾನೇ ಭರಣಿ ತೆಗೆದು ಸೊಸೆಯ ಕೈಗೆ ಕೊಟ್ಟೆ. ಮುಂದಿನ ಸಾಲಿನವರು ತಮ್ಮ ತಮ್ಮ ಬಳೆ ನೋಡಿಕೊಂಡರು.

"ಕೇಳಿದ್ರಿಲ್ಲ? ಅಜ್ಜಿನ ಹೇಳಿಕೊಟ್ಲು!" ಯಜಮಾನಿ ಚಪ್ಪಾಳೆ ತಟ್ಟಿದಳು. "ಬೆಳಗಾವ್ಯಾಗೂ ಇದ ಕಥಿ ಅಂತ!"

ಆಗ ನಾನು ಮಾಡಿದ್ದು ಏನು ಅಂತ ನನಗೆ ಗೊತ್ತಾಯಿತು. ಮೊಮ್ಮಗಳು ಯಜಮಾನಿಯ ಎದುರಿಗೇ ಹೋಗಿ ನಿಂತಳು.

"ಇನ್ನೊಮ್ಮೆ ಬಚ್ಚಿಡ್ರಿ. ಆಯಿ ಹೊರಗ ಹೋಗ್ತಾಳ. ಈ ಸಲ ನೀವ ಬಚ್ಚಿಡ್ರಿ ಕಾಕು, ನಿಮ್ಮ ಕೈನ ಹಿಡೀತೀನಿ."

ನಾನು ಹೋಗಿ ಹೊರಗೆ ಮೆಟ್ಟಿಲ ಮೇಲೆ ಕೂತೆ. ಬಾಗಿಲು ಹಾಕಿದರು. ಕೂತೆ ಅಂದರೆ ಎಷ್ಟು ಹೊತ್ತು? ಎದ್ದು, ಚೆಲ್ಲಾಪಿಲ್ಲಿ ಬಿದ್ದಿದ್ದ ಚಪ್ಪಲಿಗಳನ್ನು ಜೋಡಿ ಮಾಡಿ ಇಡತೊಡಗಿದೆ. ಒಳಗೆ ಗದ್ದಲ, ಆಮೇಲೆ ಏನೂ ಇಲ್ಲ. ಬಾಗಿಲಿಗೆ ಕಿವಿ ಹಚ್ಚಬೇಕು ಅನ್ನಿಸಿತು. ಹಚ್ಚಿದರೆ ಅದನ್ನೂ ಸನ್ನೆ ಅಂತಾರೆ. ಮತ್ತೆ ಚಪ್ಪಲಿಗೆ ಬಂದೆ. ಎಲ್ಲವೂ ಜೋಡಿಯಾದವು, ಒಳಗೆ ಇನ್ನೂ ಉಸಿರಿಲ್ಲ.

ಕೊನೆಗೆ ಯಜಮಾನಿಯ ಕಿರುಚು ಕೇಳಿತು: "ಅಯ್ಯಯ್ಯ, ನನ್ನ ತುರುಬಿನಾಗ ಕೈ ಹಾಕಿದ್ಲಲ್ಲ ಯವ್ವಾ! ಬಚ್ಚಿಟ್ಟ ಉಂಗುರ ಸಿಕ್ತಲ್ಲ!" ಆಮೇಲೆ ಚಪ್ಪಾಳೆ, ಗೋಡೆ ಬೀಳುವಷ್ಟು.

ತಿರುಗಿ ಬರುವ ಬಸ್ಸಿನಲ್ಲಿ ಮಾತು ನಾನೇ ಶುರು ಮಾಡಿದೆ.

"ನನ್ನ ಸಲುವಾಗಿ ಸೋಲೂದು ಏನಿತ್ತು? ನನ್ನ ಕೇಳಿದ್ದೇನು?"

"ಬಾಯಿ ಬಿಡೂ ಮುಂಚೆ ನೀ ನನ್ನ ಕೇಳಿದ್ದೇನು?"

ನಾನು ಸೆರಗಿನ ದಾರ ಕೀಳತೊಡಗಿದೆ. ಬೆಳಗಾವಿ ಹತ್ತಿರ ಬಂದಾಗ ಅವಳು ಕಿಟಕಿಯ ಕಡೆ ಮೋರೆ ಮಾಡಿ ಹೇಳಿದಳು: "ಇನ್ಮ್ಯಾಲ ನೀ ಬರಬ್ಯಾಡ, ಆಯಿ."

"ಬರೂದಿಲ್ಲ," ಅಂದೆ.

ಹೋಗಿಯೂ ಇಲ್ಲ. ಬೇಡ ಅಂದವರು ಮತ್ತೆ ಕರೆದಿದ್ದಾರೆ, ಬೇರೆಯವರೂ ಕರೆಯುತ್ತಾರೆ. ಅವಳು ಈಗ ಒಬ್ಬಳೇ ಹೋಗುತ್ತಾಳೆ. ಸನ್ನೆ ಮಾಡಿದರು ಅಂತ ದೂರುವುದಕ್ಕೂ ಅಲ್ಲಿ ಅವಳ ಕಡೆಯವರು ಯಾರೂ ಇರುವುದಿಲ್ಲ. ಆ ದಿನಗಳಲ್ಲಿ ನಾನು ಬಾಗಿಲಿಂದ ಗೇಟಿಗೆ, ಗೇಟಿಂದ ಬಾಗಿಲಿಗೆ ಅಡ್ಡಾಡುತ್ತೇನೆ. ಅವಳು ಬಂದು ಕಾಲು ತೊಳೆಯುವಾಗ "ಸಿಕ್ತೇನು?" ಅಂತ ಕೇಳುತ್ತೇನೆ.

"ಸಿಕ್ತು," ಅನ್ನುತ್ತಾಳೆ. ಎಲ್ಲಿ, ಯಾರ ಕೈ ಹಿಡಿದು ಅಂತ ಹೇಳುವುದಿಲ್ಲ. ನಾನೂ ಕೇಳುವುದಿಲ್ಲ.