ಹತ್ತು ಆಂಪ್ಸ್ ಸಾಕು ಅಂದಿದ್ದರು

ಈಗ ನಾನು ಹೇಳುವುದನ್ನು ನೀವು ನಂಬುವುದಿಲ್ಲ. ಪರವಾಗಿಲ್ಲ. ನಮ್ಮ ಬೀದಿಯಲ್ಲಿ ಕಣ್ಣಾರೆ ನೋಡಿದವರೇ ಇನ್ನೂ ಪೂರ್ತಿ ನಂಬಿಲ್ಲ.

ಹೋದ ದಸರಾ ಹೊತ್ತಿಗೆ ಶಂಕರಪುರದ ನಮ್ಮ ಮನೆಯ ಮುಂದೆ ಇನ್ನೊಂದು ಮನೆ ಬಂದು ನಿಂತಿತು. ಎರಡು ಚಕ್ರದ ಮನೆ. ನನ್ನ ಸೋದರಮಾವ ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವವರು. ಹದಿನೈದು ವರ್ಷ ಊರವರ ಸೇತುವೆಗಳಿಗೆಲ್ಲ ಗೆರೆ ಎಳೆದು ಬೇಜಾರಾಗಿ, ಒಂದು ನಕ್ಷೆ ತಮಗಾಗಿ ಬರೆದುಕೊಂಡರು. ಶಾಮಿಯಾನದವರು ಕಂಬ ಸಾಗಿಸುತ್ತಿದ್ದ ಹಳೆಯ ಟ್ರೇಲರ್ ಒಂದನ್ನು ಹಿಡಿದು, ಚಾಮರಾಜಪೇಟೆಯ ಒಂದು ಗ್ಯಾರೇಜಿನಲ್ಲಿ ಅದಕ್ಕೆ ತಗಡಿನ ಗೋಡೆ, ಒಂದು ಕಿಟಕಿ, ರೈಲಿನಲ್ಲಿರುವಂಥ ನಾಲ್ಕು ಬರ್ತು ಹಾಕಿಸಿ, ಆಕಾಶನೀಲಿ ಬಣ್ಣ ಬಳಿಸಿದರು. ದಸರಾ ಮುಗಿದ ಮರುದಿನ ಬೆಳಿಗ್ಗೆ ಅದನ್ನು ಜೀಪಿನ ಹಿಂದೆ ಕಟ್ಟಿಕೊಂಡು ಕಾವೇರಿ ದಂಡೆಗೆ ಹೋಗಿ ಎರಡು ದಿನ ಬಿಡಾರ ಹೂಡಬೇಕೆಂಬುದು ಅವರ ಯೋಜನೆ.

ಬಂದ ದಿನವೇ ಎದುರುಮನೆಯವರು ಎರಡು ಶರ್ಟು, ಒಂದು ಪಂಚೆ ತಂದು ಅದರ ಕಿಟಕಿಯಲ್ಲಿಟ್ಟು, "ಸಂಜೆಗೆ ಬೇಕು" ಎಂದು ಹೇಳಿ ಹೋದರು. ಇಸ್ತ್ರಿ ಗಾಡಿ ಅಂದುಕೊಂಡಿದ್ದರು. ಪಾಪ ಎಂದು ನಮ್ಮ ಅಜ್ಜಿ ಇಸ್ತ್ರಿ ಮಾಡಿಯೇ ಕೊಟ್ಟರು. ಮರುದಿನ ಇನ್ನೂ ಮೂರು ಮನೆಯ ಬಟ್ಟೆ ಬಂತು.

ನಾಲ್ಕು ಬರ್ತಿನಲ್ಲಿ ಮೂರು ಮಾವನಿಗೆ, ಅತ್ತೆಗೆ, ಅಜ್ಜಿಗೆ. ನಾಲ್ಕನೆಯದು ನನ್ನದೆಂದು ನಾನು ಬೀದಿಗೆಲ್ಲ ಸಾರಿಬಿಟ್ಟಿದ್ದೆ. ಅಡ್ಡ ಬಂದದ್ದು ಅಪ್ಪ. ಅವರ ಕೈಯಲ್ಲಿ ನನ್ನ ಅಂಕಪಟ್ಟಿ ಇತ್ತು, ಅದರಲ್ಲಿ ಫಿಸಿಕ್ಸ್ ಮೂವತ್ತೆಂಟು.

"ಥಿಯರೀಲಿ ಸ್ವಲ್ಪ ವೀಕ್ ಅಷ್ಟೇ ಅಪ್ಪ. ಪ್ರಾಕ್ಟಿಕಲ್‌ನಲ್ಲಿ ನಾನು ಭಯಂಕರ ಸ್ಟ್ರಾಂಗು" ಎಂದೆ.

"ಹೌದಾ?" ಅಪ್ಪ ಕನ್ನಡಕ ತೆಗೆದರು. ಕನ್ನಡಕ ತೆಗೆದರೆ ತೀರ್ಪು ಬರುತ್ತದೆ ಎಂದೇ ಅರ್ಥ. "ಗಾಡೀಲಿ ಲೈಟು, ಫ್ಯಾನು ಓಡ್ಬೇಕಲ್ಲ, ಅದರ ಬ್ಯಾಟರಿ ಸತ್ತು ಬಿದ್ದಿದೆ. ಸರಿಯಾದ ಚಾರ್ಜರ್ ಯಾವ್ದು ಅಂತ ನೀನೇ ನೋಡಿ ತಂದು ಹಾಕು. ವಿಜಯದಶಮಿ ದಿನ ಮಲ್ಲೇಶ್ವರಕ್ಕೆ ಹೋಗಿ ನಾನು ಊಟಕ್ಕೆ ವಾಪಸ್ ಬರೋಷ್ಟರಲ್ಲಿ ಚಾರ್ಜ್ ಆಗ್ತಿರ್ಬೇಕು. ಆದ್ರೆ ಕಾವೇರಿ. ಇಲ್ಲಾಂದ್ರೆ ನೀನು, ಫಿಸಿಕ್ಸ್ ಪುಸ್ತಕ, ನಮ್ಮನೆ ಜಗಲಿ."

ಅದರ ಹಿಂದಿನ ದಿನ ಆಯುಧಪೂಜೆ. ಮಾವನದು ಜೀಪಿನ ಪೂಜೆ, ಅಜ್ಜಿಯದು ಹೊಲಿಗೆ ಮಿಷನ್ನು ಮತ್ತು ಈಳಿಗೆಮಣೆ. ಬ್ಯಾಟರಿ ನನ್ನ ಖಾತೆ. ಅಂಥ ಪೂಜೆಯನ್ನು ಯಾವ ಬ್ಯಾಟರಿಯೂ ಕಂಡಿರಲಿಕ್ಕಿಲ್ಲ. ಹೊಟ್ಟೆಗೆ ಮೂರು ಪಟ್ಟೆ ವಿಭೂತಿ, ಮೂಲೆಗಳಿಗೆ ಸೇವಂತಿಗೆ. ತಲೆಯ ಮೇಲೆ ಎರಡು ಸೀಸದ ಮೊಳಕೆ ಇರುತ್ತವಲ್ಲ, ಪ್ಲಸ್ಸು, ಮೈನಸ್ಸು, ಅವೆರಡಕ್ಕೂ ಅರಿಶಿನದ ದಾರ ಸುತ್ತಿ ಕಂಕಣ ಕಟ್ಟಿದೆ. ಒಂದು ಸುತ್ತಲ್ಲ. ಇಡೀ ಉಂಡೆ ದಾರ ಮುಗಿಯುವವರೆಗೂ ಸುತ್ತಿದೆ. ಮೇಲೆ ಗಂಧ ಮೆತ್ತಿದೆ. ಪ್ಲಸ್ಸು ಮೈನಸ್ಸು ಎರಡೂ ಪೇಟ ಸುತ್ತಿಕೊಂಡು ಮದುವೆಮನೆಯ ಬೀಗರ ಹಾಗೆ ಕೂತಿದ್ದವು. ಅಜ್ಜಿ ನೋಡಿ, "ನಮ್ಮ ಕೂಸಿಗೆ ಎಷ್ಟು ಭಕ್ತಿ!" ಎಂದು ಕಣ್ಣೊರೆಸಿಕೊಂಡರು.

ಮರುದಿನ ಅಪ್ಪ ಬಸ್ಸು ಹತ್ತಿದ ಕೂಡಲೇ ನಾನು, ಪಕ್ಕದ ಬೀದಿಯ ನನ್ನ ಗೆಳೆಯ, ಅವನ ಸೈಕಲ್ಲು, ಮೂವರೂ ಚಾಮರಾಜಪೇಟೆಗೆ ಹೊರಟೆವು. ಹಬ್ಬದ ದಿನ ವ್ಯಾಪಾರ ಶುರು ಮಾಡಿದರೆ ಒಳ್ಳೆಯದೆಂದು ಬ್ಯಾಟರಿ ಅಂಗಡಿಯ ಮುದುಕರು ಆಗಷ್ಟೇ ಬಾಗಿಲು ತೆಗೆದಿದ್ದರು.

"ಬ್ಯಾಟರಿ ಎಷ್ಟು ದೊಡ್ಡದಪ್ಪಾ? ಎಷ್ಟು ಎ.ಎಚ್.?"

"ಬೇಜಾನ್ ದೊಡ್ಡದು ಸಾರ್!"

"ಬೇಜಾನ್ ಅನ್ನೋ ಸೈಜು ಬರಲ್ಲ ಕಂದ. ಮೈಮೇಲೆ ನಂಬರ್ ಬರ್ದಿರುತ್ತೆ."

"ನೂರು ಸಾರ್" ಎಂದ ನನ್ನ ಗೆಳೆಯ. ಈ ಹುಡುಗನಿಗೆ ಕಂಡದ್ದನ್ನೆಲ್ಲ ಓದುವ ಕೆಟ್ಟ ಚಾಳಿ.

"ಹಂಗಾದ್ರೆ ಹತ್ತು ಆಂಪ್ಸ್ ಸಾಕು. ಬ್ಯಾಟರಿ ಎಷ್ಟಿದ್ಯೋ ಅದರಲ್ಲಿ ಹತ್ತನೇ ಒಂದು ಭಾಗ. ಕೂಸಿಗೆ ಒಳಲೇಲಿ ಹಾಲು ಹಾಕ್ದಂಗೆ ನಿಧಾನಕ್ಕೆ ಹಾಕ್ಬೇಕು. ಜಾಸ್ತಿ ಕೊಟ್ರೆ ಒಳಗಿನ ನೀರು ಕುದ್ದು ಬ್ಯಾಟರಿ ಹಾಳಾಗೋಗುತ್ತೆ. ತಗೊಂಡೋಗಿ ಹಾಕು, ಹೊಂದಲಿಲ್ಲಾಂದ್ರೆ ವಾಪಸ್ ತಾ."

ಟಿಫನ್ ಡಬ್ಬಿಯಷ್ಟಿದ್ದ ಆ ಚಾರ್ಜರನ್ನು ತಂದು, ಮನೆಯ ಕಿಟಕಿಯಿಂದ ವೈರು ಎಳೆದು, ಕೆಂಪು ಕ್ಲಿಪ್ಪನ್ನು ಒಂದು ಪೇಟಕ್ಕೆ, ಕಪ್ಪು ಕ್ಲಿಪ್ಪನ್ನು ಇನ್ನೊಂದಕ್ಕೆ ಕಚ್ಚಿಸಿದೆ. ಸ್ವಿಚ್ ಹಾಕಿದೆ. ಚಾರ್ಜರಿನ ಮೀಟರಿನಲ್ಲಿ ಮುಳ್ಳು ಸೊನ್ನೆಯ ಮೇಲೆ ತಪಸ್ಸಿಗೆ ಕೂತಿತ್ತು.

"ಕರೆಂಟ್ ಹೋಯ್ತೇನೋ ಮಗಾ?"

"ಒಳಗೆ ಅಜ್ಜಿ ಮಿಕ್ಸಿ ಓಡ್ತಿರೋದು ಕೇಳ್ಸಲ್ವೇನೋ? ಕರೆಂಟ್ ಇದೆ. ಚಾರ್ಜರ್‌ಗೆ ದಮ್ ಇಲ್ಲ ಅಷ್ಟೇ." ನಾನು ಬ್ಯಾಟರಿಯ ನಾಡಿ ಹಿಡಿದ ವೈದ್ಯನಂತೆ ತಲೆಯಾಡಿಸಿದೆ. "ಇದು ಲಾರಿ ಬ್ಯಾಟರಿ ಗುರು. ಹತ್ತು ಆಂಪ್ಸ್ ಇದಕ್ಕೆ ಉಪ್ಪಿನಕಾಯಿಗೂ ಸಾಲಲ್ಲ."

ಮತ್ತೆ ಅಂಗಡಿಗೆ ಹೋದೆವು. ಮುದುಕರು ಅದೇ ಚಾರ್ಜರನ್ನು ತಮ್ಮ ಬ್ಯಾಟರಿಯೊಂದಕ್ಕೆ ಹಾಕಿದರು. ಮುಳ್ಳು ಟಪಕ್ಕನೆ ಎದ್ದು ನಿಂತು ಸಲಾಮು ಹೊಡೆಯಿತು.

"ಇದು ನೆಟ್ಟಗಿದೆ. ನಿನ್ನ ಬ್ಯಾಟರಿ ತಲೆ ಕ್ಲೀನ್ ಮಾಡಿದ್ದೀಯೇನಪ್ಪಾ?"

"ಕ್ಲೀನಾ? ಪೂಜೆನೇ ಮಾಡಿದೀನಿ ಸಾರ್!"

ಅವರು ಏನೋ ಕೇಳಲು ಬಾಯಿ ತೆರೆದರು. ನಾನು ಬಿಟ್ಟರೆ ತಾನೆ! ಲಾರಿ, ಕಾವೇರಿ, ಫ್ಯಾನು, ಅಜ್ಜಿಯ ಸೆಖೆ ಎಂದು ಒಂದೇ ಉಸಿರಿಗೆ ಊದಿ, ಇಪ್ಪತ್ತು ಆಂಪ್ಸಿನದೇ ಬೇಕೆಂದು ಹಟ ಹಿಡಿದೆ. ಮುದುಕರು ಹತ್ತರದ್ದನ್ನು ಕಪಾಟಿನ ಮೇಲೆ ಎತ್ತಿಟ್ಟರು. "ಇದು ಇಲ್ಲೇ ಇರುತ್ತೆ. ಮತ್ತೆ ಬರ್ತೀಯ ನೀನು" ಎಂದರು, ಭವಿಷ್ಯ ಹೇಳುವವರ ಹಾಗೆ.

ಇಪ್ಪತ್ತರದ್ದು ಹಾರ್ಮೋನಿಯಂ ಗಾತ್ರ. ಅದನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿ, ಅವನು ತಳ್ಳಿ, ನಾನು "ದಾರಿ ಬಿಡಿ! ದಾರಿ ಬಿಡಿ!" ಎಂದು ಕೂಗಿಕೊಂಡು ಬಂದದ್ದು ಜಂಬೂಸವಾರಿಗೇನೂ ಕಡಿಮೆಯಿರಲಿಲ್ಲ. ನಮ್ಮ ಬೀದಿ ಮುಟ್ಟುವಷ್ಟರಲ್ಲಿ ಹಿಂದೆ ಹನ್ನೆರಡು ಜನ, ಒಂದು ಹಸು. ಇಸ್ತ್ರಿ ಬಟ್ಟೆ ಹಿಡಿದುಕೊಂಡವರು ಇಬ್ಬರು.

ಮತ್ತೆ ಎರಡೂ ಕ್ಲಿಪ್ಪುಗಳನ್ನು ಅದೇ ಅರಿಶಿನದ ಪೇಟಗಳಿಗೆ ಕಚ್ಚಿಸಿದೆ. ಸ್ವಿಚ್ ಹಾಕಿದೆ. ಹಾರ್ಮೋನಿಯಂ ಗುಂಯ್ ಎಂದಿತು. ಮುಳ್ಳು ಮಾತ್ರ ಸೊನ್ನೆಯಲ್ಲೇ ಇತ್ತು.

ಹನ್ನೆರಡು ಜನ ನನ್ನ ಮುಖ ನೋಡಿದರು. ಊಟದ ಹೊತ್ತು ಹತ್ತಿರವಾಗುತ್ತಿತ್ತು. ನನ್ನ ಕಣ್ಣ ಮುಂದೆ ನಾಲ್ಕನೇ ಬರ್ತು ತಾನಾಗಿಯೇ ಮಡಚಿಕೊಳ್ಳತೊಡಗಿತು. ಇಂಥ ಸಮಯದಲ್ಲಿ ಬುದ್ಧಿವಂತರು ಸುಮ್ಮನಿರುತ್ತಾರಂತೆ. ನಾನು ಟ್ರೇಲರಿನ ಮೆಟ್ಟಿಲೇರಿ ಭಾಷಣ ಶುರು ಮಾಡಿದೆ.

"ಗಾಬರಿ ಬೇಡ. ಕರೆಂಟು ಹೊಸ ಊರಿಗೆ ಬಂದ ನೆಂಟ ಇದ್ದಂಗೆ. ದಾರಿ ಹುಡುಕ್ಕೊಂಡು ಬರೋಕೆ ಟೈಮ್ ಬೇಕು. ಆಮೇಲೆ ದೊಡ್ಡ ಬ್ಯಾಟರಿಗೆ ಒಂದು ಬಿಗುಮಾನ ಇರುತ್ತೆ, ಕರೆದ ತಕ್ಷಣ ಊಟಕ್ಕೆ ಕೂರಲ್ಲ…"

"ಬೇಕಾದ್ರೆ ಮೂವತ್ತು ಆಂಪ್ಸ್ ತರೋಣ್ವಾ ಮಚ್ಚಾ?" ಎಂದ ಗೆಳೆಯ, ನನ್ನ ಮೇಲಿನ ನಂಬಿಕೆಯಿಂದ.

"ಮೂವತ್ತಲ್ಲ, ಐವತ್ತೇ ತರೋಣ! ಫಿಸಿಕ್ಸ್ ಏನ್ ಹೇಳುತ್ತೆ ಅಂದ್ರೆ…"

"ಏನ್ ಹೇಳುತ್ತೆ?"

ಜನ ಬಾಗಿಲಿನ ಹಾಗೆ ಎರಡಾಗಿ ಸರಿದರು. ನಡುವೆ ಅಪ್ಪ. ಕಂಕುಳಲ್ಲಿ ಕೊಡೆ, ಕೈಯಲ್ಲಿ ಮಲ್ಲೇಶ್ವರದ ಮಲ್ಲಿಗೆಯ ಪೊಟ್ಟಣ. ನಾನು ಮೆಟ್ಟಿಲಿಳಿದೆ. ಅಪ್ಪ ಮುಳ್ಳನ್ನು ನೋಡಿದರು, ನನ್ನನ್ನು ನೋಡಿದರು, ಬ್ಯಾಟರಿಯ ಎರಡು ಪೇಟಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದರು.

ಸ್ವಿಚ್ ಆರಿಸಿ, ಕ್ಲಿಪ್ ಬಿಡಿಸಿ, ದಾರದ ತುದಿ ಹುಡುಕಿ ಬಿಚ್ಚತೊಡಗಿದರು. ಬಿಚ್ಚಿದರು, ಬಿಚ್ಚಿದರು, ಬಿಚ್ಚುತ್ತಲೇ ಇದ್ದರು. ಹಸು ಬೇಸರವಾಗಿ ಹೊರಟುಹೋಯಿತು. ಕೊನೆಗೆ ಒಳಗಿನಿಂದ ಬೂದುಬಣ್ಣದ ಸೀಸ ಇಣುಕಿತು. ಬರಿಯ ಸೀಸಕ್ಕೆ ಕ್ಲಿಪ್ ಹಾಕಿ ಸ್ವಿಚ್ ಒತ್ತಿದ ಕೂಡಲೇ ಮುಳ್ಳು ಆ ತುದಿಗೆ ಹಾರಿತು. ಅಪ್ಪ ತಕ್ಷಣ ಆರಿಸಿಬಿಟ್ಟರು.

"ಹೊಟ್ಟೆ ಒಡೆಯೋಷ್ಟು ಕುಡಿಸ್ತೀಯೇನೋ? ಎಷ್ಟು ಆಂಪ್ಸ್ ಸರಿ ಇದಕ್ಕೆ?"

"ಹತ್ತು."

"ಯಾಕೆ?"

"ನೂರರಲ್ಲಿ ಹತ್ತನೇ ಒಂದು ಭಾಗ."

ಅಪ್ಪನ ತುಟಿಯ ಕೊನೆ ಅಲುಗಿದ್ದನ್ನು ನಾನು ಮಾತ್ರ ನೋಡಿದೆ. ಬಿಚ್ಚಿದ ದಾರವನ್ನೆಲ್ಲ ನನ್ನ ಬಲಗೈಗೆ ಸುತ್ತಿ, ಕಿತ್ತರೂ ಬಾರದ ಹಾಗೆ ಗಂಟು ಹಾಕಿದರು.

"ಹೋಗಿ ಅಂಗಡಿಯಿಂದ ಹತ್ತರದ್ದು ತಗೊಂಡ್ ಬಾ. ಬಂದು ಬಟ್ಟೆ ತುಂಬ್ಕೋ. ಆದ್ರೆ ನಾಲ್ಕನೇ ಬರ್ತಿನ ಮೇಲೆ ನೀನು ಒಬ್ಬನೇ ಮಲಗಲ್ಲ, ಫಿಸಿಕ್ಸ್ ಪುಸ್ತಕಾನೂ ಮಲಗುತ್ತೆ." ಆಮೇಲೆ ಜನರ ಕಡೆ ತಿರುಗಿ, "ಆಟ ಮುಗೀತು. ಇಸ್ತ್ರಿ ಬಟ್ಟೆ ಇರೋರು ಮಾತ್ರ ನಿಂತ್ಕೊಳ್ಳಿ" ಎಂದರು.